ಹನ್ನೊಂದು ದಿನದ ಚರ್ಮ

ಫೆಬ್ರವರಿ ೩

ಮಗಳೇ,

ನಿಮ್ಮ ಲಾಂಡ್ರಿಯ ಮೇಲ್ವಿಚಾರಕರು ಬರೆದ ಕಾಗದ ನಿನ್ನೆ ಮಧ್ಯಾಹ್ನ ನನ್ನ ಕೈ ಸೇರಿತು. ಹಬೆಯ ಕೊಳವೆ ಒಡೆದು ನಿನ್ನ ಎಡಗಡೆಯ ಕುತ್ತಿಗೆ, ಭುಜ, ತೋಳು ಸುಟ್ಟಿವೆ, ಮೂರು ವಾರದಿಂದ ಆಸ್ಪತ್ರೆಯಲ್ಲಿದ್ದೀಯ ಎಂದು ಬರೆದಿದ್ದಾರೆ. ಮೂರು ವಾರ! ಅಷ್ಟು ದಿನವೂ ನಾನು ಇಲ್ಲಿ ಉಂಡು, ಮಲಗಿ, ಎದ್ದು, ಏನೂ ಆಗದವನ ಹಾಗೆ ಚರ್ಮ ಆರಿಸುತ್ತ ಕೂತಿದ್ದೆನಲ್ಲ. ಕಾಗದ ಓದಿ ಮೇಜಿಗೆ ಒರಗಿ ನಿಂತವನನ್ನು ನೋಡಿ, ಪಕ್ಕದ ಮೇಜಿನ ದಪ್ಪ ಕನ್ನಡಕದ ನಮ್ಮ ಸೋಡಾಬುಡ್ಡಿ, "ಏನಯ್ಯಾ, ಮುಖದಲ್ಲಿ ರಕ್ತಾನೇ ಇಲ್ವಲ್ಲ?" ಎಂದ. ಕಾಗದವನ್ನೇ ಅವನ ಕೈಗಿಟ್ಟೆ.

ಕೆಲಸದ ಅರ್ಜಿಯಲ್ಲಿ ತಂದೆಯ ವಿಳಾಸ ಎಂಬ ಕಡೆ ನೀನು ಈ ಕಾರ್ಖಾನೆಯ ವಿಳಾಸ ಬರೆದಿದ್ದೆಯಂತೆ. ಅದನ್ನು ಓದಿದಾಗ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಇಲ್ಲಿ ಏನೂ ಬದಲಾಗಿಲ್ಲ. ಅದೇ ಕೈಗವಸಿನ ಕಾರ್ಖಾನೆ, ಅದೇ ದೊಡ್ಡ ಕಿಟಕಿ, ಹದವಾಗಿ ಬಂದ ಚರ್ಮವನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಲ್ಲಿ ತಡವಿ, ಒಂದನೇ ನಂಬರು, ಎರಡನೇ ನಂಬರು ಎಂದು ರಾಶಿಗೆ ಎಸೆಯುವ ಅದೇ ಕೆಲಸ. ನೀನು ಮನೆ ಬಿಟ್ಟ ಈ ನಾಲ್ಕು ವರ್ಷದಲ್ಲಿ ನಿನಗೆ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಬರೆಯಲು ವಿಳಾಸವಿರಲಿಲ್ಲ ಎಂಬುದು ನೆಪ. ಹುಡುಕಿದ್ದರೆ ಸಿಗುತ್ತಿತ್ತು.

ಗಾಯ ಎಷ್ಟು ಆಳ? ಮೇಲಿನ ಪದರ ಮಾತ್ರವೋ, ಪೂರ್ತಿಯೋ? ನಾನು ಬರಲೇ? ಹೂಂ ಎಂದರೆ ಸಾಕು, ಆ ದಿನವೇ ಹೊರಡುತ್ತೇನೆ.

ನಿನ್ನ ಅಪ್ಪ


ಫೆಬ್ರವರಿ ೧೧

ಅಪ್ಪ,

ಬರಬೇಡ.

ಯಾಕೆ ಎಂದು ನಿನಗೆ ಗೊತ್ತು. ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ, ನುಂಗಿಕೊಂಡಿದ್ದು ಸಾಕು. ಮದುವೆಯಾಗೋಣವೆಂದುಕೊಂಡಿದ್ದವನನ್ನು ನಾನು ಮೊದಲ ಸಲ ಮನೆಗೆ ಕರೆತಂದ ದಿನ ನೀನು ಅವನನ್ನು ಕಿಟಕಿಯ ಪಕ್ಕ ಕೂರಿಸಿದೆ. ಕಾಫಿ ಕೊಟ್ಟೆ. ಆಮೇಲೆ ನನ್ನ ಕೂದಲು ಸರಿಸಿ, ಎಡಗಿವಿಯ ಕೆಳಗಿನ ಕಲೆಯನ್ನು ಅವನಿಗೆ ತೋರಿಸಿ, "ಮೊದ್ಲೇ ಹೇಳ್ಬಿಡ್ತೀನಪ್ಪಾ, ಇಲ್ಲೊಂದು ಲೋಪ ಇದೆ. ಇದೊಂದಿಲ್ದಿದ್ರೆ ನನ್ನ ಮಗಳು ಒಂದನೇ ನಂಬರು" ಎಂದೆ. ಅವನು ನಕ್ಕ. ನೀನೂ ನಕ್ಕೆ. ಲೋಪ ಮುಚ್ಚಿಟ್ಟು ಸರಕು ಮಾರುವವನಲ್ಲ ನೀನು, ಊರಿಗೆಲ್ಲ ಗೊತ್ತು. ಆದರೆ ನಾನು ಸರಕಾಗಿರಲಿಲ್ಲ ಅಪ್ಪ. ಅವನು ಆಮೇಲೆ ಅವನ ದಾರಿ ಹಿಡಿದ, ಅದು ಬೇರೆ ಮಾತು. ನಾನು ಮನೆ ಬಿಟ್ಟದ್ದು ಅವನಿಗಾಗಿ ಅಲ್ಲ. ನೀನು ಕೂದಲು ಸರಿಸಿದ ಆ ಬೆರಳಿಗಾಗಿ.

ಒಂದು ಶುಭ ಸಮಾಚಾರ: ನಿನ್ನ ಆ ಲೋಪ ಈಗ ಇಲ್ಲ. ಅದರ ಜೊತೆ ಸುತ್ತಮುತ್ತಲಿನದೂ ಇಲ್ಲ.

ಗಾಯ ಪೂರ್ತಿ ಆಳ. ತೊಡೆಯಿಂದ ಚರ್ಮ ತೆಗೆದು ಇಲ್ಲಿ ಹಾಕಿದರು. ನಿಲ್ಲಲಿಲ್ಲ. ಆರನೇ ದಿನ ಬ್ಯಾಂಡೇಜು ಬಿಚ್ಚಿದಾಗ ಹಾಲಿನ ಕೆನೆಯ ಹಾಗೆ ಜಾರಿ ಬಂತು. ಡಾಕ್ಟರಮ್ಮ ಅದನ್ನು ನೋಡಿ, "ನಿಮ್ಮ ರಕ್ತದಲ್ಲಿ ಚರ್ಮ ಕಟ್ಟೋ ಸಾಮಾನೇ ಇಲ್ಲಮ್ಮ. ಇಟ್ಟಿಗೆ ಕೊಡದೆ ಗೋಡೆ ಕಟ್ಟು ಅಂದ್ರೆ ಮೈ ಎಲ್ಲಿಂದ ಕಟ್ಟೀತು? ತಿನ್ನಿ. ತೂಕ ಬಂದ ಮೇಲೆ ಇನ್ನೊಂದು ಸಲ ನೋಡೋಣ. ಅಷ್ಟರಲ್ಲಿ ಗಾಯಕ್ಕೆ ಸೋಂಕು ತಗುಲಿದ್ರೆ ತೋಳು ಉಳಿಯೋದು ಕಷ್ಟ" ಎಂದರು.

ತಿನ್ನಬೇಕಂತೆ. ತುತ್ತು ಬಾಯಿಗಿಟ್ಟರೆ ಹಬೆಯ ವಾಸನೆ ಬರುತ್ತದೆ. ಇಷ್ಟಕ್ಕೂ ಯಾರು ನೋಡಲಿ ಎಂದು ಈ ಚರ್ಮ?

ಮಗಳು


ಫೆಬ್ರವರಿ ೧೯

ಮಗಳೇ,

ನಿನ್ನ ಕಾಗದ ಓದಿದೆ. ಇನ್ನೊಮ್ಮೆ ಓದಿದೆ. ಮೊದಲ ಅರ್ಧಕ್ಕೆ ಉತ್ತರ ಬರೆಯಲು ನನಗೆ ಬರುವುದಿಲ್ಲ. ಎರಡನೇ ಅರ್ಧದ ಬಗ್ಗೆ ನಾನು ಬಲ್ಲದ್ದನ್ನು ಹೇಳುತ್ತೇನೆ, ಬೈಯಬೇಡ.

ಚರ್ಮವನ್ನು ನೋಡಿ ಆ ಪ್ರಾಣಿ ಏನು ತಿಂದಿತ್ತು ಎಂದು ನಾನು ಹೇಳಬಲ್ಲೆ. ಸೋಡಾಬುಡ್ಡಿ ಹೊಸಬರ ಮುಂದೆ ನನ್ನನ್ನು ಜಾದೂಗಾರನ ಹಾಗೆ ತೋರಿಸುವುದೇ ಇದಕ್ಕೆ. ಹಸಿದ ಪ್ರಾಣಿಯ ಚರ್ಮ ಹಿಡಿದರೆ ಕೈಯಲ್ಲಿ ಏನೂ ಇಲ್ಲದ ಹಾಗಿರುತ್ತದೆ. ಬೆಳಕಿಗೆ ಹಿಡಿದರೆ ನರಗಳ ಗುರುತು ಕಾಣುತ್ತದೆ. ಎಳೆದರೆ ಎಳೆದಲ್ಲೇ ನಿಲ್ಲುತ್ತದೆ, ವಾಪಸ್ಸು ಬರುವುದಿಲ್ಲ. ಚೆನ್ನಾಗಿ ಹಸಿರು ಮೇದದ್ದರದೋ? ತುಂಬಿಕೊಂಡಿರುತ್ತದೆ. ಹೆಬ್ಬೆರಳು ಒತ್ತಿದರೆ ಬೆರಳನ್ನೇ ತಳ್ಳುತ್ತದೆ. ಎಣ್ಣೆ, ಬಣ್ಣ, ಇಸ್ತ್ರಿ, ಯಾವುದರಿಂದಲೂ ಅದನ್ನು ತರಲಾಗುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಎಂಥೆಂಥ ಮೇಸ್ತ್ರಿಗಳು ಬಂದು ಮೂರನೇ ನಂಬರನ್ನು ಒಂದನೇ ನಂಬರು ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದಾರೆ. ಅಯ್ಯೋ, ಕೈ ಸುಟ್ಟುಕೊಂಡಿದ್ದಾರೆ ಎಂದು ಬರೆದುಬಿಟ್ಟೆ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಹಾಗೇ ಬಿಟ್ಟಿದ್ದೇನೆ. ಕ್ಷಮಿಸು.

ಡಾಕ್ಟರಮ್ಮ ಹೇಳಿದ್ದು ಅಕ್ಷರಶಃ ನಿಜ. ಅವರು ರಕ್ತ ನೋಡಿ ಹೇಳಿದ್ದನ್ನು ನಾನು ಬೆರಳಲ್ಲಿ ನೋಡಿದ್ದೇನೆ. ತಿನ್ನು. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಸಿಟ್ಟು ಇಟ್ಟುಕೊಂಡೇ ತಿನ್ನು.

ಒಂದು ವಿಷಯ ತಿಳಿಸು. ಎಷ್ಟು ಚರ್ಮ ಬೇಕಾಗುತ್ತದೆ? ಗೇಣಿನ ಲೆಕ್ಕದಲ್ಲಿ ಹೇಳಿದರೆ ಸಾಕು. ಉದ್ದ, ಅಗಲ. ಮರೆಯದೆ ಬರೆ.

ನಿನ್ನ ಅಪ್ಪ


ಮಾರ್ಚ್ ೨

ಅಪ್ಪ,

ನಿನ್ನದೊಂದು ಪ್ರಶ್ನೆಯೇ! ಎರಡೂವರೆ ಗೇಣು ಉದ್ದ, ಒಂದು ಗೇಣು ಅಗಲ, ಕುತ್ತಿಗೆಯ ಹತ್ತಿರ ಇನ್ನೊಂದು ಅರ್ಧ ಗೇಣು. ಒಂದು ಜೊತೆ ಕೈಗವಸಿಗೆ ಸಾಕಾಗುತ್ತದಾ? ಹೊಲಿಸಿ ಕಳಿಸು.

ತೂಕ ಇನ್ನೂ ಎರಡು ಕಿಲೋ ಇಳಿದಿದೆ. ವಾರ್ಡಿನ ಅಡುಗೆಮನೆಯ ಅಕ್ಕ ಒಬ್ಬರಿದ್ದಾರೆ. ದಿನಕ್ಕೆ ಆರು ಸಲ ತಟ್ಟೆ ತರುತ್ತಾರೆ. ಬೇಯಿಸಿದ ಮೊಟ್ಟೆ, ಹಾಲು, ಮೀನು, ಬೇಳೆ, ಕ್ಯಾರೆಟ್ಟು, ಸೊಪ್ಪು, ಕಿತ್ತಳೆ. ತಟ್ಟೆಯ ಅಂಚಿನಲ್ಲಿ ನಾಲ್ಕು ಕುಂಬಳದ ಬೀಜ ಬೇರೆ. "ಯಾಕಕ್ಕಾ ಇದು, ನಾನೇನು ಗಿಣೀನಾ?" ಎಂದೆ. "ಗಿಣಿ ಆಗಿದ್ರೆ ಇಷ್ಟೊತ್ತಿಗೆ ತಿಂದು ಮುಗಿಸ್ತಿತ್ತು" ಎಂದರು. ಹೀಗೆ ಮಾತಾಡಿಸಿಕೊಂಡು ಕೂರುತ್ತಾರೆ. ಒಂದೆರಡು ತುತ್ತು ಅವರ ಮುಖ ನೋಡಿ ತಿನ್ನುತ್ತೇನೆ. ಉಳಿದದ್ದು ವಾಪಸ್ಸು.

ಪಕ್ಕದ ಹಾಸಿಗೆಯ ಮುದುಕಮ್ಮನಿಗೆ ಕಾಲು ಸುಟ್ಟಿತ್ತು. ಎಲ್ಲ ತಿಂದರು, ನನ್ನ ಪಾಲಿನ ಮೊಟ್ಟೆಯನ್ನೂ ತಿಂದರು, ಮೊನ್ನೆ ನಡೆದುಕೊಂಡೇ ಮನೆಗೆ ಹೋದರು. ನೋಡಿ ಆಶ್ಚರ್ಯವಾಯಿತು. ಆದರೆ ಅವರನ್ನು ಕರೆದೊಯ್ಯಲು ಏಳು ಜನ ಬಂದಿದ್ದರು.

ಮಗಳು


ಮಾರ್ಚ್ ೯

ಮಗಳೇ,

ಅಳತೆ ಕಳಿಸಿದ್ದಕ್ಕೆ ಸಂತೋಷ. ಈಗ ಹೇಳುವುದನ್ನು ಪೂರ್ತಿ ಓದು, ನಡುವೆ ಬೈಯಬೇಡ.

ಚರ್ಮ ನನ್ನದು ಕೊಡುತ್ತೇನೆ.

ನಿನ್ನ ಮೊದಲ ಕಾಗದ ಬಂದ ದಿನವೇ ತೀರ್ಮಾನ ಮಾಡಿದೆ. ಮನೆಯ ದೊಡ್ಡ ಕನ್ನಡಿಯನ್ನು ಕಿಟಕಿಗೆ ಎದುರಾಗಿ ಇಟ್ಟುಕೊಂಡು ನನ್ನ ಮೈಯನ್ನು ನಾನೇ ಪರೀಕ್ಷೆ ಮಾಡಿದೆ. ಕೈಗಳು ಆರನೇ ನಂಬರು, ಎಸೆಯಬೇಕು. ಕಾರ್ಖಾನೆಯ ಸುಣ್ಣ, ಬಣ್ಣ, ಔಷಧಿ ತಿಂದು ಬಿರುಕು ಬಿಟ್ಟಿವೆ. ಬೆನ್ನು ಎಟುಕಲಿಲ್ಲ, ಸೋಡಾಬುಡ್ಡಿಯನ್ನು ಕರೆದು ತೋರಿಸಿದೆ. "ನಾಲ್ಕನೇ ನಂಬರು ಕಣಯ್ಯಾ, ಅದೂ ಸ್ನೇಹಕ್ಕೆ" ಎಂದ. ಆದರೆ ತೊಡೆಯ ಒಳಭಾಗಕ್ಕೆ ಬಿಸಿಲು ತಾಕಿಲ್ಲ, ಗೀರು ಇಲ್ಲ, ಹುಳು ಕಚ್ಚಿದ ಗುರುತಿಲ್ಲ. ಎರಡೂ ಕಡೆ ಸೇರಿಸಿದರೆ ನೀನು ಹೇಳಿದ ಅಳತೆ ಸಿಗುತ್ತದೆ, ಸ್ವಲ್ಪ ಮಿಗುತ್ತದೆ ಕೂಡ. ಕೊರತೆ ಒಂದೇ, ತುಂಬಿಕೊಂಡಿಲ್ಲ. ಟೀ ಕುಡಿದು, ಹೊಗೆಸೊಪ್ಪು ಅಗಿದು ಬದುಕಿದ ಮೈ. ಒತ್ತಿದರೆ ಬೆರಳನ್ನು ತಳ್ಳುವುದಿಲ್ಲ.

ಹಾಗಾಗಿ ತಿನ್ನುತ್ತಿದ್ದೇನೆ. ಹೊಗೆಸೊಪ್ಪನ್ನು ಅಂದೇ ಬಿಟ್ಟೆ. ಮೊದಲ ವಾರ ತಲೆ ಸಿಡಿದು ಹೋಯಿತು, ಸೋಡಾಬುಡ್ಡಿಯ ಜೊತೆ ಸುಮ್ಮಸುಮ್ಮನೆ ಜಗಳವಾಡಿದೆ. ಬೆಳಿಗ್ಗೆ ಮೂರು ಮೊಟ್ಟೆ. ಮಧ್ಯಾಹ್ನ ಬೇಳೆ, ಸೊಪ್ಪು, ಒಂದು ಕಿತ್ತಳೆ. ರಾತ್ರಿ ಮೀನು, ಇಲ್ಲದ ದಿನ ಹಾಲು. ನನಗೆ ಸೊಪ್ಪು ಕಂಡರೆ ಆಗುವುದಿಲ್ಲ ಎಂದು ನಿನಗೆ ಗೊತ್ತು. ಮೂಗು ಮುಚ್ಚಿಕೊಂಡು ನುಂಗುತ್ತೇನೆ. ನಾಲ್ಕು ವಾರವಾಗುತ್ತ ಬಂತು. ಇನ್ನು ಮೂರು ವಾರ ಕೊಟ್ಟರೆ ಒಂದನೇ ನಂಬರು ಮಾಡಿ ಒಪ್ಪಿಸುತ್ತೇನೆ. ಡಾಕ್ಟರಮ್ಮನಿಗೆ ಹೇಳು. ಯಾವ ದಿನ ಬರಬೇಕು ಎಂದು ಅವರೇ ತಿಳಿಸಲಿ.

ನೀನು ನನ್ನ ಮುಖ ನೋಡಬೇಕಾಗಿಲ್ಲ. ಬೇರೆ ಕೋಣೆಯಲ್ಲಿ ಮಲಗಿಸಿ ತೆಗೆದುಕೊಳ್ಳಲಿ. ಕೊಟ್ಟು ಹೊರಟುಬಿಡುತ್ತೇನೆ.

ನಿನ್ನ ಅಪ್ಪ


ಮಾರ್ಚ್ ೧೭

ಅಪ್ಪ,

ನಿನ್ನ ಕಾಗದ ಓದಿ ಜೋರಾಗಿ ನಕ್ಕೆ. ಗಾಯ ಎಳೆಯುವಷ್ಟು ನಕ್ಕೆ. ನರ್ಸ್ ಓಡಿ ಬಂದರು. ಮುದುಕನೊಬ್ಬ ಕನ್ನಡಿಯ ಮುಂದೆ ನಿಂತು ತನ್ನ ತೊಡೆಗೆ ನಂಬರು ಹಾಕಿಕೊಳ್ಳುವುದನ್ನು ನೆನೆದರೆ ಯಾರು ನಗುವುದಿಲ್ಲ?

ಆಮೇಲೆ ಡಾಕ್ಟರಮ್ಮನಿಗೆ ಓದಿ ಹೇಳಿದೆ. ಅವರೂ ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ಇನ್ನೊಂದ್ಸಲ ಓದಿ" ಎಂದರು. ಓದಿದೆ. ಕನ್ನಡಕ ತೆಗೆದು ಒರೆಸಿಕೊಂಡು, "ನಿಮ್ಮಪ್ಪನಿಗೆ ಹೇಳಿ, ಅವರ ಚರ್ಮ ನಾನು ತಗೊಳ್ಳೋಕಾಗಲ್ಲ" ಎಂದರು.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. ಬೇರೆಯವರ ಚರ್ಮವನ್ನು ಕೆಲವು ದಿನದ ಮಟ್ಟಿಗೆ ಹೊದಿಕೆಯಾಗಿ ಇಡಬಹುದು, ಅಷ್ಟೆ. ಎರಡು ಮೂರು ವಾರದಲ್ಲಿ ಮೈ ಅದನ್ನು ಪತ್ತೆ ಹಚ್ಚಿಬಿಡುತ್ತದೆ. ಇದು ನನ್ನದಲ್ಲ ಎಂದು ಉದುರಿಸಿಬಿಡುತ್ತದೆ. "ಅಪ್ಪನದಾದ್ರೂ?" ಎಂದೆ. "ಅಪ್ಪನದಾದ್ರೂ, ಅಮ್ಮನದಾದ್ರೂ. ನಿಮ್ಮದು ನಿಮ್ಮ ಮೈಯೇ ಮಾಡ್ಕೋಬೇಕು" ಎಂದರು. ಕಣ್ಣಿಲ್ಲ, ಕಿವಿಯಿಲ್ಲ, ಆದರೂ ಮೈಗೆ ಯಾವುದು ತನ್ನದು ಯಾವುದು ಅಲ್ಲ ಎಂದು ಗೊತ್ತಾಗುತ್ತದಂತೆ ಅಪ್ಪ! ಡಾಕ್ಟರಮ್ಮ ಹೋಗುವಾಗ ಬಾಗಿಲಲ್ಲಿ ನಿಂತು, "ನಿಮಗೋಸ್ಕರ ಅವರು ತಿಂದ್ರೆ ನಿಮ್ಮ ಗಾಯಕ್ಕೆ ಬರಲ್ಲ. ಆದ್ರೆ ಹಾಗೆ ತಿಂದವರನ್ನ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ" ಎಂದರು.

ಅವರು ಹೋದ ಮೇಲೆ ಇನ್ನೂ ನಗು ಬರುತ್ತಿತ್ತು. ನಗುನಗುತ್ತಲೇ ಅಳು ಬಂತು. ನೀನು ಮೂಗು ಮುಚ್ಚಿಕೊಂಡು ಸೊಪ್ಪು ನುಂಗುವುದು ಕಣ್ಣಿಗೆ ಕಟ್ಟಿತು. ಅಡುಗೆಮನೆಯ ಅಕ್ಕ ತಟ್ಟೆ ತಂದಿಟ್ಟು ಎಂದಿನಂತೆ ಮಾತಿಗೆ ಕೂರಲು ಹೊರಟರು. "ಕೂರ್ಬೇಡಿ ಅಕ್ಕಾ, ತಿಂತೀನಿ" ಎಂದೆ. ಎರಡು ಮೊಟ್ಟೆ, ಹಾಲು, ಸೊಪ್ಪು, ಎಲ್ಲವನ್ನೂ ತಿಂದೆ. ವಾಂತಿಯಾಗುತ್ತದೇನೋ ಎಂದು ಉಸಿರು ಬಿಗಿಹಿಡಿದು ಕೂತೆ. ಆಗಲಿಲ್ಲ. ಕುಂಬಳದ ಬೀಜವನ್ನೂ ತಿಂದೆ.

ನೀನಿನ್ನು ನಿಲ್ಲಿಸಬಹುದು.

ಮಗಳು


ಮಾರ್ಚ್ ೨೪

ಮಗಳೇ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಲವತ್ತು ವರ್ಷ ಚರ್ಮದ ನಡುವೆ ಬದುಕಿದವನಿಗೆ ಇಷ್ಟು ಗೊತ್ತಿಲ್ಲವೇ? ನನ್ನ ಕೈಗೆ ಬಂದದ್ದೆಲ್ಲ ಜೀವ ಹೋದ ಚರ್ಮ. ಯಾರ ಪಕ್ಕ ಯಾರದನ್ನು ಹೊಲಿದರೂ ಕೂರುತ್ತದೆ. ಜೀವವಿರುವ ಚರ್ಮಕ್ಕೆ ತನ್ನದೇ ಬುದ್ಧಿ ಇರುತ್ತದೆ ಎಂದು ಯಾರು ಹೇಳಿಕೊಟ್ಟಿದ್ದರು ನನಗೆ? ಸೋಡಾಬುಡ್ಡಿಗೆ ಹೇಳಿದೆ. ಅವನೂ ಮೂಗಿನ ಮೇಲೆ ಬೆರಳಿಟ್ಟ.

ಇನ್ನೊಂದು ಆಯಿತು, ಅದನ್ನು ಹೇಳಬೇಕು. ನನ್ನ ಕೈಯ ಬಿರುಕುಗಳು ನಿನಗೆ ನೆನಪಿರಬೇಕು. ನೀನು ಚಿಕ್ಕವಳಿದ್ದಾಗ ಅವುಗಳನ್ನು ಎಣಿಸುತ್ತಿದ್ದೆ. ಮೂವತ್ತು ವರ್ಷದಿಂದ ಮೇಣ, ಎಣ್ಣೆ, ಔಷಧಿ ಅಂಗಡಿಯವನು ಕೊಟ್ಟ ಮುಲಾಮು ಎಲ್ಲ ಹಚ್ಚಿ ಸೋತಿದ್ದೆ. ನಿನ್ನ ಕಾಗದವನ್ನು ಮಡಿಸುವಾಗ ನೋಡುತ್ತೇನೆ, ಬಿರುಕುಗಳು ಮುಚ್ಚಿವೆ! ಹೆಬ್ಬೆರಳ ಪಕ್ಕ ಒಂದು ಬಿಟ್ಟರೆ ಎಲ್ಲವೂ. ನಾನೇನೂ ಹಚ್ಚಿರಲಿಲ್ಲ. ಕೈಗಾಗಿ ತಿಂದವನೂ ಅಲ್ಲ. ಕೇಳದೆಯೇ ಮೈ ತನ್ನ ಪಾಡಿಗೆ ತಾನು ಒಳಗಿನಿಂದ ದುರಸ್ತಿ ಮಾಡಿಕೊಂಡುಬಿಟ್ಟಿದೆ. ಕಿಟಕಿಯ ಬೆಳಕಿಗೆ ಎರಡೂ ಕೈ ಹಿಡಿದು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಐವತ್ತೆಂಟು ವರ್ಷ ಈ ಚರ್ಮದೊಳಗೇ ಇದ್ದೇನೆ, ಇದರ ಗುಣವೇ ಗೊತ್ತಿರಲಿಲ್ಲ.

ಹಾಗೆ ನೋಡುತ್ತಿದ್ದಾಗಲೇ ಅದು ನೆನಪಾಯಿತು.

ನಿನ್ನ ಅಮ್ಮ ತೀರಿಕೊಂಡ ವರ್ಷ ನಿನಗೆ ಐದು ತುಂಬಿತ್ತು. ನನಗೆ ಅಡುಗೆ ಬರುತ್ತಿರಲಿಲ್ಲ. ಕಲಿಯುವ ಮನಸ್ಸೂ ಇರಲಿಲ್ಲ, ನಿಜ ಹೇಳಬೇಕಲ್ಲ. ಬೆಳಿಗ್ಗೆ ಬ್ರೆಡ್ಡು, ಟೀ. ರಾತ್ರಿ ಬ್ರೆಡ್ಡು, ಟೀ, ಮೇಲೊಂದಿಷ್ಟು ಸಕ್ಕರೆ. ನೀನು ಏನೂ ಕೇಳುತ್ತಿರಲಿಲ್ಲ. ಆ ವರ್ಷವೇ ಏನೋ ಹುಳು ಕಚ್ಚಿ ನಿನ್ನ ಎಡಗಿವಿಯ ಕೆಳಗೆ ಗಾಯವಾಯಿತು. ಕಡಲೆಕಾಳಿನಷ್ಟು ಗಾಯ. ನಾಲ್ಕು ತಿಂಗಳು ಮುಚ್ಚಲಿಲ್ಲ. ಮುಲಾಮು ಬದಲಾಯಿಸಿ ಬದಲಾಯಿಸಿ ಹಚ್ಚಿದೆ. ಆಮೇಲೆ ಪಕ್ಕದ ಮನೆಯಾಕೆ ಒಂದು ದಿನ, "ಮಗೂನ ನಮ್ಮ ಮಕ್ಕಳ ಜೊತೆ ಊಟಕ್ಕೆ ಕಳ್ಸಿ" ಎಂದರು. ನೀನು ಅಲ್ಲಿ ಊಟಕ್ಕೆ ಕೂರತೊಡಗಿ ಎರಡು ಮೂರು ವಾರವಾಗಿತ್ತಷ್ಟೆ, ಗಾಯ ಮುಚ್ಚಿತು. ಮುಲಾಮಿನ ಗುಣ ಎಂದುಕೊಂಡೆ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ. ತಡವಾಗಿ ಮುಚ್ಚಿದ ಗಾಯಕ್ಕೆ ಕಲೆ ಉಳಿಯುತ್ತದೆ, ಉಳಿಯಿತು.

ಬೇರೆಯವರ ಚರ್ಮದ ಮೇಲೆ ಹಸಿವನ್ನು ಓದುವ ಜಾದೂಗಾರ ನಾನು. ನನ್ನ ಮಗಳ ಕುತ್ತಿಗೆಯ ಮೇಲೆ ನನ್ನ ಅಡುಗೆಮನೆಯನ್ನು ಓದಲಿಲ್ಲ. ಅಷ್ಟೇ ಆಗಿದ್ದರೂ ಹೋಗಲಿ ಎನ್ನಬಹುದಿತ್ತು. ಅದನ್ನೇ ಬೆರಳಿಟ್ಟು ತೋರಿಸಿ, ಇಲ್ಲೊಂದು ಲೋಪ ಇದೆ ಎಂದು ಹೇಳಿ ನಕ್ಕೆನಲ್ಲ! ಆ ಲೋಪ ನಿನ್ನದಾಗಿರಲಿಲ್ಲ ಮಗಳೇ. ನನ್ನದು. ನಾನು ಮಾಡಿದ್ದು. ಅವನ ಮುಂದೆ ನನ್ನ ತಪ್ಪಿಗೆ ನಿನ್ನ ತಲೆ ತಗ್ಗಿಸಿದೆ.

ಕ್ಷಮಿಸು ಎಂದು ಕೇಳಲು ಬಾಯಿ ಬರುವುದಿಲ್ಲ, ಆದರೂ ಕೇಳುತ್ತಿದ್ದೇನೆ. ಉತ್ತರ ಬರೆಯದಿದ್ದರೂ ಪರವಾಗಿಲ್ಲ, ತಿನ್ನುವುದನ್ನು ಬಿಡಬೇಡ. ನಾನೂ ಬಿಟ್ಟಿಲ್ಲ. ನಿನ್ನ ಗಾಯಕ್ಕೆ ಬರುವುದಿಲ್ಲ ಎಂದು ಗೊತ್ತಿದ್ದೂ ಬೆಳಿಗ್ಗೆ ಮೊಟ್ಟೆ ಬೇಯಲು ಇಡುವಾಗ ನೀನೂ ಅಲ್ಲಿ ತಿನ್ನುತ್ತಿರುತ್ತೀಯ ಎಂದುಕೊಳ್ಳುತ್ತೇನೆ.

ನಿನ್ನ ಅಪ್ಪ


ಏಪ್ರಿಲ್ ೧೬

ಅಪ್ಪ,

ಮೂರು ವಾರ ಬರೆಯಲಿಲ್ಲ. ಸಿಟ್ಟಿಗಲ್ಲ. ನಿನ್ನ ಕಾಗದಕ್ಕೆ ಏನು ಬರೆಯಬೇಕೆಂದು ತಿಳಿಯದೆ, ದಿಂಬಿನ ಕೆಳಗಿಟ್ಟುಕೊಂಡು, ತಿನ್ನುತ್ತ ಕೂತಿದ್ದೆ.

ಆ ಬ್ರೆಡ್ಡು, ಟೀ ನನಗೆ ನೆನಪಿದೆ. ನನಗೆ ಅದು ಹಸಿವಿನ ವರ್ಷ ಎಂದು ಗೊತ್ತೇ ಇರಲಿಲ್ಲ. ನೀನು ಬ್ರೆಡ್ಡಿನ ಗಟ್ಟಿ ಅಂಚನ್ನೆಲ್ಲ ನೀನೇ ತಿಂದು, ನಡುವಿನ ಮೆತ್ತಗಿನದನ್ನು ನನಗೆ ಕೊಡುತ್ತಿದ್ದೆ. ಅದೊಂದೇ ನೆನಪಿದ್ದದ್ದು.

ಈಗ ಕೇಳು. ಐದು ಕಿಲೋ ಏರಿದೆ. ರಕ್ತ ಪರೀಕ್ಷೆ ಮಾಡಿ ಡಾಕ್ಟರಮ್ಮ, "ಸಾಮಾನು ಬಂತು, ಕೆಲಸ ಶುರು ಮಾಡೋಣ" ಎಂದರು. ಹತ್ತನೇ ತಾರೀಖು ಕಸಿ ಮಾಡಿದರು. ತೊಡೆಯಿಂದ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ ತೆಗೆದು, ಅದಕ್ಕೆ ಸಣ್ಣ ಸಣ್ಣ ಸೀಳು ಹಾಕಿ, ಬಲೆಯ ಹಾಗೆ ಹಿಗ್ಗಿಸಿ ಹಾಕುತ್ತಾರಂತೆ. ಬಲೆಯ ಕಣ್ಣುಗಳ ಒಳಗಿನ ಖಾಲಿ ಜಾಗವನ್ನು ಮೈಯೇ ತುಂಬಿಕೊಳ್ಳಬೇಕು.

ನಿನ್ನೆ, ಐದನೇ ದಿನ, ಬಿಚ್ಚಿದರು. ಕಣ್ಣು ಮುಚ್ಚಿಕೊಂಡೆ. ಹಿಂದಿನ ಸಲದ ಹಾಗೆ ಜಾರುವ ಸದ್ದಿಗಾಗಿ ಕಾಯುತ್ತಿದ್ದೆ. ಆಮೇಲೆ ಅಡುಗೆಮನೆಯ ಅಕ್ಕ, ಅವರಿಗೇನು ಕೆಲಸವೋ ಅಲ್ಲಿ, "ಅಯ್ಯೋ ನನ್ನಮ್ಮಾ, ಗುಲಾಬಿ ಬಣ್ಣ!" ಎಂದರು. ಕನ್ನಡಿ ಹಿಡಿದರು. ನೋಡಿದೆ ಅಪ್ಪ. ಹಿಡಿದುಕೊಂಡಿದೆ. ಬಲೆಯ ಕಣ್ಣುಗಳ ಅಂಚಿನಿಂದ ಒಳಗೆ, ಕೂದಲೆಳೆಯಷ್ಟು, ಚರ್ಮ ತಾನಾಗಿಯೇ ನಡೆದು ಬರುತ್ತಿದೆ. ಡಾಕ್ಟರಮ್ಮ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಬಿಟ್ಟರು. ಒತ್ತಿದಲ್ಲಿ ಬಿಳಿಚಿಕೊಂಡು ಮತ್ತೆ ಕೆಂಪಾಯಿತು. "ರಕ್ತ ಓಡ್ತಾ ಇದೆ, ಇನ್ನು ಇದು ನಿಮ್ಮದು" ಎಂದರು.

ಹೋದ ವಾರ ನಾನು ಚಮಚದಲ್ಲಿ ತಿಂದ ಮೊಟ್ಟೆ ಅದು! ಹಾಲು, ಬೇಳೆ, ಕಿತ್ತಳೆ ಅದು! ಯಾವುದು ಎಲ್ಲಿಗೆ ಹೋಗಬೇಕೆಂದು ಒಳಗೆ ಯಾರು ಹೇಳಿದರು? ನಾನಂತೂ ಹೇಳಿಲ್ಲ, ನಾನು ನಿದ್ದೆ ಹೋಗಿದ್ದೆ. ಈಗ ತಟ್ಟೆ ಬಂದಾಗ ಒಂದು ಕ್ಷಣ ಸುಮ್ಮನೆ ಅದನ್ನು ನೋಡುತ್ತೇನೆ. ಅಕ್ಕ, "ಏನು, ಮೊಟ್ಟೆಗೆ ದೃಷ್ಟಿ ಹಾಕ್ತಿದ್ದೀಯಾ?" ಎನ್ನುತ್ತಾರೆ.

ಭಾನುವಾರ ಬಾ ಅಪ್ಪ. ಹನ್ನೊಂದು ಗಂಟೆಗೆ ಬ್ಯಾಂಡೇಜು ಬಿಚ್ಚುತ್ತಾರೆ. ನೀನು ನೋಡಬೇಕು.

ನಿನ್ನ ಮಗಳು


ಏಪ್ರಿಲ್ ೨೨

ಮಗಳೇ,

ರಾತ್ರಿಯ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಮನೆ ಸೇರಿದೆ. ನಿನ್ನ ಮುಂದೆ ಆಡಲಾರದೆ ಬಂದದ್ದನ್ನು ಬರೆಯುತ್ತಿದ್ದೇನೆ.

ನರ್ಸ್ ಬ್ಯಾಂಡೇಜು ಬಿಚ್ಚಿದ ಮೇಲೆ ನೀನು ಕುತ್ತಿಗೆ ತಿರುಗಿಸಿ, ಕೂದಲನ್ನು ನೀನೇ ಸರಿಸಿ, ಕಿಟಕಿಯ ಬೆಳಕಿಗೆ ಒಡ್ಡಿಕೊಂಡು, "ಹೇಳಪ್ಪಾ, ಎಷ್ಟನೇ ನಂಬರು?" ಎಂದೆ. ನಿನ್ನ ದನಿಯಲ್ಲಿ ತಮಾಷೆ ಇತ್ತು. ಕೈ ಮಾತ್ರ ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು, ನಾನು ನೋಡಿದೆ. ನಾನು ಉತ್ತರ ಕೊಡಲಿಲ್ಲ. ಮುಟ್ಟಲೂ ಇಲ್ಲ. ಬೆಪ್ಪನ ಹಾಗೆ ನಿಂತೆ, ನಿಂತು ನಿಂತು, ಕಡೆಗೆ "ಊಟ ಆಯ್ತಾ?" ಎಂದೆ. ನೀನು ನಕ್ಕು "ಈಗ ಹನ್ನೊಂದು ಗಂಟೆ" ಎಂದೆ. ನಿನ್ನ ಮುಖ ಸ್ವಲ್ಪ ಬಾಡಿತು. ಬಸ್ಸಿನುದ್ದಕ್ಕೂ ಅದೇ ಮುಖ ಕಣ್ಣ ಮುಂದಿತ್ತು.

ಯಾಕೆ ಹಾಗೆ ನಿಂತೆ ಎಂದು ಹೇಳುತ್ತೇನೆ. ದಿನಕ್ಕೆ ಮುನ್ನೂರು ಚರ್ಮ ನೋಡಿದವನು ನಾನು. ಎಲ್ಲವೂ ಆಗಿ ಮುಗಿದ ಚರ್ಮ. ಆಗುತ್ತಿರುವ ಚರ್ಮವನ್ನು ಒಂದು ದಿನವೂ ನೋಡಿರಲಿಲ್ಲ. ಕೆಂಪಗೆ, ಒದ್ದೆಯಾಗಿ, ಉಸಿರಿನ ಜೊತೆ ಏರಿ ಇಳಿಯುತ್ತಿತ್ತು. ಇದಕ್ಕೆ ಎಷ್ಟು ವಯಸ್ಸು ಎಂದು ಮನಸ್ಸಿನಲ್ಲೇ ಎಣಿಸಿದೆ. ಹತ್ತನೇ ತಾರೀಖಿನಿಂದ ಇಪ್ಪತ್ತೊಂದಕ್ಕೆ ಹನ್ನೊಂದು ದಿನ. ನನಗೆ ಇಪ್ಪತ್ತಾರು ವರ್ಷದ ಮಗಳಿದ್ದಾಳೆ, ಅವಳ ಕುತ್ತಿಗೆಗೆ ಹನ್ನೊಂದು ದಿನ.

ನೀನು ಹುಟ್ಟಿ ಹನ್ನೊಂದು ದಿನವಾಗಿದ್ದಾಗ ನಿನ್ನ ಅಮ್ಮ ನಿನ್ನನ್ನು ಮೊದಲ ಸಲ ನನ್ನ ಕಡೆಗೆ ಚಾಚಿದಳು. ಅಲ್ಲಿಯವರೆಗೆ ನಾನು ದೂರದಿಂದಲೇ ನೋಡುತ್ತಿದ್ದೆ. "ಎತ್ಕೊಳ್ರೀ, ನಿಮ್ಮದೇ" ಎಂದಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟೆ. ಬಿರುಕು ಬಿಟ್ಟ, ಬಣ್ಣ ಹತ್ತಿದ ಈ ಕೈ ತಾಗಿದರೆ ಅಷ್ಟು ಹೊಸ ಚರ್ಮಕ್ಕೆ ಏನಾದೀತೋ ಎಂದು ಹೆದರಿಕೆ. ಭಾನುವಾರವೂ ಅದೇ ಆಯಿತು, ಬೇರೇನೂ ಅಲ್ಲ. ನೀನು ಕೇಳಿದ್ದಕ್ಕೆ ನನ್ನಲ್ಲಿ ನಂಬರು ಇಲ್ಲ. ಅಂಥದ್ದಕ್ಕೆ ನಂಬರು ಹಾಕುವುದು ನನಗೆ ಬರುವುದಿಲ್ಲ. ಕೈಮುಗಿಯಬೇಕೆನಿಸಿತು, ವಾರ್ಡಿನಲ್ಲಿ ಎಲ್ಲರೂ ನೋಡುತ್ತಿದ್ದರು, ಸುಮ್ಮನಾದೆ.

ಆಗ ನಿನ್ನ ಅಮ್ಮ ನನ್ನ ಕೈ ಎಳೆದು ನಿನ್ನ ಬೆನ್ನ ಕೆಳಗೆ ಇಟ್ಟಿದ್ದಳು. ಈಗ ಹಾಗೆ ಇಡಲು ಅವಳಿಲ್ಲ. ಮುಂದಿನ ಭಾನುವಾರ ಬರುತ್ತೇನೆ. ಅಷ್ಟೊತ್ತಿಗೆ ಅದಕ್ಕೆ ಹದಿನೆಂಟು ದಿನವಾಗಿರುತ್ತದೆ. ನೀನು ಬಿಟ್ಟರೆ ಒಂದು ಸಲ ಮುಟ್ಟುತ್ತೇನೆ. ಹೆಬ್ಬೆರಳಲ್ಲಿ ಅಲ್ಲ.

ನಿನ್ನ ಅಪ್ಪ


ಏಪ್ರಿಲ್ ೨೫

ಅಪ್ಪ,

ಡಾಕ್ಟರಮ್ಮನನ್ನು ಕೇಳಿದೆ. ಮುಟ್ಟಬಹುದಂತೆ. ಸೋಪು ಹಚ್ಚಿ ಕೈ ತೊಳೆದುಕೊಂಡು ಬರಬೇಕಂತೆ, ಅಷ್ಟೆ.

ನೀನು ಕೈ ಬೆನ್ನ ಹಿಂದೆ ಕಟ್ಟಿಕೊಂಡರೆ ನಾನೇ ಎಳೆದು ಇಟ್ಟುಕೊಳ್ಳುತ್ತೇನೆ. ಎಡಗೈ ಈಗ ಅಷ್ಟು ದೂರ ಚಾಚುತ್ತದೆ.

ನಿನ್ನ ಮಗಳು